ಹಿತ್ತಲ ಕೋಣೆಯ ಹಳೆ ಟ್ಯಾಬ್ಲೆಟ್

ಚಿತ್ರ ನಿಂತುಹೋದದ್ದು "ಅಲ್ಲ" ಎನ್ನುವುದಕ್ಕೆ ಒಂದು ಕ್ಷಣ ಮೊದಲು.

ದುಭಾಷಿ ತನ್ನ ಮನೆಯ ಸಣ್ಣ ಕೋಣೆಯಲ್ಲಿ, ಗೋಡೆಗೆ ಕಟ್ಟಿದ ನೀಲಿ ಬಟ್ಟೆಗೆ ಬೆನ್ನು ಕೊಟ್ಟು, ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಅತ್ತ ಕಡೆ, ಯಾವುದೋ ಊರಿನ ಆಸ್ಪತ್ರೆಯಲ್ಲಿ, ಕಿವಿ ಕೇಳದ ಒಬ್ಬ ಹೆಂಗಸು ಮತ್ತು ಅವಳ ಡಾಕ್ಟರು. ಡಾಕ್ಟರು ಆಡಿದ್ದನ್ನು ಕೇಳಿಸಿಕೊಂಡು ಸನ್ನೆಯಲ್ಲಿ ಹೇಳುವುದು, ಆ ಹೆಂಗಸಿನ ಸನ್ನೆಯನ್ನು ನೋಡಿ ಬಾಯಲ್ಲಿ ಹೇಳುವುದು ಅವಳ ಕೆಲಸ. "ಗಡ್ಡೆ ಅಪಾಯದ್ದಲ್ಲ" ಎಂದರು ಡಾಕ್ಟರು. ಸನ್ನೆಯಲ್ಲೂ, ನಾವು ಆಡುವ ಮಾತಿನ ಹಾಗೆಯೇ, "ಅಲ್ಲ" ಎಂಬುದು ಕೊನೆಗೆ ಬರುತ್ತದೆ. ಗಡ್ಡೆ, ಅಪಾಯ. ಅಷ್ಟು ಹೇಳುವಷ್ಟರಲ್ಲಿ ಅವಳ ಚಿತ್ರ ಅತ್ತ ಕಡೆ ಹೆಪ್ಪುಗಟ್ಟಿತು. ಅವಳು "ಅಲ್ಲ" ಎಂದದ್ದು ಅವಳ ಕೋಣೆಯಲ್ಲೇ ಉಳಿಯಿತು.

ಆ ಹೆಂಗಸು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳತೊಡಗಿದಳು. ಡಾಕ್ಟರಿಗೆ ಇದೇಕೆಂದು ಅರ್ಥವಾಗಲಿಲ್ಲ. ಒಳ್ಳೆಯ ಸುದ್ದಿ ಹೇಳಿದರೆ ಹೀಗೆ ಅಳುವವರನ್ನೂ ಅವರು ನೋಡಿದ್ದರು, ಹಾಗಾಗಿ ಸುಮ್ಮನೆ ನಗುತ್ತ ನಿಂತರು. ಚಿತ್ರ ಮತ್ತೆ ಅಲುಗಾಡಿ ಸರಿಹೋಗುವ ಹೊತ್ತಿಗೆ ಆ ಹೆಂಗಸು ಕೋಣೆಯಿಂದ ಎದ್ದು ಹೊರಗೆ ಓಡಿದ್ದಳು. ಅವಳನ್ನು ಹುಡುಕಿ, ಕೂರಿಸಿ, ಬಿಟ್ಟುಹೋದ ಆ ಒಂದು ಸನ್ನೆಯನ್ನು ತೋರಿಸುವುದರಲ್ಲಿ ಎಲ್ಲರಿಗೂ ಸಾಕುಸಾಕಾಯಿತು.

ಸಂಜೆ, ಅವಳಿಗೆ ಕರೆಗಳನ್ನು ಹಂಚುವ ದುಭಾಷಿ ಕೇಂದ್ರದ ಮೇಲ್ವಿಚಾರಕಿ ಫೋನ್ ಮಾಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮ ಕೈ ಸರಿಯಾಗಿದೆ. ನಿಮ್ಮ ನೆಟ್‌ವರ್ಕ್ ಸರಿಯಿಲ್ಲ. ಮೊದಲು ಅದನ್ನ ಸರಿಮಾಡಿಸ್ಕೊಳ್ಳಿ. ಅಲ್ಲೀವರೆಗೂ ಆಸ್ಪತ್ರೆ ಕರೆಗಳು ನಿಮಗೆ ಬೇಡ."

ಇಂಟರ್‌ನೆಟ್ ಕಂಪನಿಯವನು ಬಂದ. ಪ್ಲಾನ್ ಸಣ್ಣದಾಯಿತು ಮೇಡಂ, ದೊಡ್ಡದು ಹಾಕಿಸಿಬಿಡಿ ಅಂದ. ಹಾಕಿಸಿದರು. ಚಿತ್ರ ಮೊದಲಿನ ಹಾಗೆಯೇ ನಿಲ್ಲುತ್ತಿತ್ತು. ದೊಡ್ಡ ಪ್ಲಾನಿನಲ್ಲಿ ನಿಲ್ಲುತ್ತಿತ್ತು, ಅಷ್ಟೇ ವ್ಯತ್ಯಾಸ ಎಂದ ಅವಳ ಗಂಡ. ರೂಟರನ್ನು ಕಪಾಟಿನ ಮೇಲಿಟ್ಟು ನೋಡಿದರು, ಕಿಟಕಿಯಲ್ಲಿಟ್ಟು ನೋಡಿದರು. ಕೊನೆಗೆ ಕೇಂದ್ರದವರೇ ತಮ್ಮ ತಂತ್ರಜ್ಞೆಯನ್ನು ಕಳಿಸಿದರು.

ತಂತ್ರಜ್ಞೆ ಮಾತಿನ ಮಲ್ಲಿ. ಚಪ್ಪಲಿ ಬಿಡುವಾಗ ಶುರುವಾದ ಮಾತು ಮನೆಯ ಮೂಲೆಮೂಲೆಗೂ ಅವಳ ಜೊತೆಗೇ ನಡೆಯಿತು. ಕೈಯಲ್ಲೊಂದು ಸಣ್ಣ ಲ್ಯಾಪ್‌ಟಾಪ್ ಹಿಡಿದು, ಅದರಲ್ಲಿ ಏರಿಳಿಯುವ ಗೆರೆಗಳನ್ನು ನೋಡುತ್ತ ನಡುಮನೆ, ಅಡುಗೆಮನೆ ದಾಟಿ, ಹಿತ್ತಲಿಗೆ ಇಳಿದು, ಅಲ್ಲಿನ ಕೋಣೆಯ ಬಾಗಿಲಲ್ಲಿ ನಿಂತಳು.

"ಇಲ್ಲಿ ಯಾರಿದ್ದಾರೆ?"

"ನಮ್ಮಪ್ಪ. ಅವರಿಗೆ ಕಿವಿ ಕೇಳ್ಸಲ್ಲ."

ಅಪ್ಪ ಬಡಗಿ. ಕುರ್ಚಿ ಮಾಡುವುದರಲ್ಲಿ ಅವನದು ಎತ್ತಿದ ಕೈ. ಹುಟ್ಟಿನಿಂದ ಶಬ್ದವೆಂದರೇನೆಂದು ತಿಳಿಯದವನು. ಮರ ಸರಿಯಾಗಿ ಕೂತಿತೇ ಇಲ್ಲವೇ ಎಂಬುದನ್ನು ಬೆರಳ ತುದಿಯಲ್ಲಿ ತಟ್ಟಿ ಹೇಳುತ್ತಿದ್ದ. ಅವನ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ. ಆಕೆ ತೀರಿಕೊಂಡು ಬಹಳ ಕಾಲವಾಗಿತ್ತು. ಅವರಿಬ್ಬರ ನಡುವೆ ಬೆಳೆದ ಮಗಳಿಗೆ ಬಾಯಿ ಮಾತಿಗಿಂತ ಮೊದಲು ಕೈ ಮಾತು ಬಂದಿತ್ತು. ಅದೇ ಅವಳ ಕಸುಬೂ ಆಯಿತು.

ಅಪ್ಪನ ಕೆಲಸದ ಮೇಜಿನ ಎದುರು, ಉಳಿಗಳನ್ನು ಸಾಲಾಗಿ ಸಿಕ್ಕಿಸಿದ ಹಲಗೆಯ ಪಕ್ಕ, ಒಂದು ಹಳೆಯ ಟ್ಯಾಬ್ಲೆಟ್ ಗೋಡೆಗೆ ಒರಗಿ ನಿಂತಿತ್ತು. ಅದರಲ್ಲಿ ಬೇರೊಂದು ಕೋಣೆ ಕಾಣುತ್ತಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ.

"ಇದ್ಯಾರು?"

"ಅಪ್ಪನ ಸ್ನೇಹಿತರು. ಇಬ್ಬರೂ ಒಂದೇ ಶಾಲೆ."

"ಯಾವ ಹೊತ್ತಲ್ಲಿ ಮಾತಾಡ್ತಾರೆ?"

"ಹೊತ್ತು ಅಂತೇನಿಲ್ಲ. ಬೆಳಗ್ಗೆ ಹಾಕಿದ್ರೆ ಸಂಜೆ ತನಕ ಹಾಗೇ ಇರುತ್ತೆ. ಅಪ್ಪ ಕೆಲಸ ಮಾಡ್ತಿರ್ತಾರೆ, ಅವರು ಕೂತಿರ್ತಾರೆ. ಏನಾದ್ರೂ ಇದ್ರೆ ಹೇಳ್ತಾರೆ."

ತಂತ್ರಜ್ಞೆ ತನ್ನ ಗೆರೆಗಳನ್ನು ನೋಡಿ ಶಿಳ್ಳೆ ಹಾಕಿದಳು. ದುಭಾಷಿಯನ್ನು ಒಳಗೆ ಕಳಿಸಿ ಒಂದು ಪರೀಕ್ಷೆಯ ಕರೆ ಹಚ್ಚಿಸಿದಳು. ಅಪ್ಪನಿಗೆ ಕೈಸನ್ನೆ ಮಾಡಿ ಟ್ಯಾಬ್ಲೆಟ್ ಆರಿಸುವಂತೆ ಹೇಳಿದಳು. ಒಳಗೆ ಚಿತ್ರ ತೊಳೆದಿಟ್ಟ ಹಾಗೆ ಸ್ವಚ್ಛವಾಯಿತು. ಮತ್ತೆ ಹಚ್ಚಿಸಿದಳು. ಚಿತ್ರ ಮತ್ತೆ ತಡವರಿಸಿತು.

"ಸಿಕ್ಕಿಬಿದ್ದ ಕಳ್ಳ" ಎಂದಳು ತಂತ್ರಜ್ಞೆ.

"ಆ ಮುದಿ ಟ್ಯಾಬ್ಲೆಟ್ಟು ಅಷ್ಟೊಂದು ಡೇಟಾ ತಿನ್ನುತ್ತಾ?" ಎಂದಳು ಹಿತ್ತಲಿಗೆ ಮರಳಿದ ದುಭಾಷಿ.

"ಡೇಟಾ ತಿನ್ನಲ್ಲ. ಹೊತ್ತು ತಿನ್ನುತ್ತೆ. ನೋಡಿ, ಗಾಳೀಲಿ ಒಂದು ಸಲಕ್ಕೆ ಒಬ್ಬರೇ ಮಾತಾಡ್ಬೇಕು. ರೂಟರ್ ಎಲ್ಲರಿಗೂ ಸರದಿ ಕೊಡುತ್ತೆ, ಅದರಲ್ಲಿ ಮೋಸ ಇಲ್ಲ. ನಿಮ್ಮ ಲ್ಯಾಪ್‌ಟಾಪ್ ತನ್ನ ಸರದೀಲಿ ಪಟ್ಟಂತ ಹೇಳಿ ಮುಗಿಸುತ್ತೆ. ಇದು ಹಳೇದು. ಸಾಲದ್ದಕ್ಕೆ ರೂಟರಿಂದ ದೂರ ಇದೆ, ಮಧ್ಯೆ ಎರಡು ಗೋಡೆ. ಅಷ್ಟೇ ಮಾತನ್ನ ಎಳೆದೂ ಎಳೆದೂ ಹೇಳುತ್ತೆ, ಕೇಳಿಸದೇ ಹೋದ್ರೆ ಮತ್ತೆ ಮೊದಲಿಂದ ಹೇಳುತ್ತೆ. ಅದು ಮುಗಿಸೋ ತನಕ ಉಳಿದೋರೆಲ್ಲ ಬಾಯಿ ಮುಚ್ಕೊಂಡು ಕಾಯ್ಬೇಕು. ನೀವು ಎಷ್ಟು ದೊಡ್ಡ ಪ್ಲಾನ್ ಹಾಕಿಸಿದ್ರೂ ಮನೆಯೊಳಗಿನ ಈ ಕಾಯೋದು ತಪ್ಪಲ್ಲ."

"ಹಾಗಾದ್ರೆ ಏನು ಮಾಡೋದು?"

"ಎರಡು ದಾರಿ ಇದೆ. ನೀವು ಡ್ಯೂಟೀಲಿರುವಾಗ ಇದನ್ನ ಆರಿಸಿಡೋದು ಒಂದು. ಇಲ್ಲಾಂದ್ರೆ ನಿಮ್ಮ ಲ್ಯಾಪ್‌ಟಾಪನ್ನೇ ಗಾಳಿಯಿಂದ ಹೊರಗೆ ತನ್ನಿ. ನಡುಮನೆ ಗೋಡೆಗೆ ಒಂದು ತೂತು ಹೊಡೆದು, ರೂಟರಿಂದ ಕೇಬಲ್ ಎಳೆದು ನೇರ ಚುಚ್ಚಿಬಿಡಿ. ಆಮೇಲೆ ಇದು ಎಷ್ಟು ತೆವಳಿದ್ರೂ ನಿಮಗೇನೂ ಆಗಲ್ಲ. ಎರಡನೇದೇ ಒಳ್ಳೇದು, ಕೇಳಿದ್ರೆ."

ಅಪ್ಪ ಇಷ್ಟು ಹೊತ್ತೂ ಇಬ್ಬರ ಮುಖವನ್ನು ಒಂದಾದಮೇಲೊಂದು ನೋಡುತ್ತ ನಿಂತಿದ್ದ. ತಂತ್ರಜ್ಞೆಯ ತುಟಿ ನಿಂತ ಮೇಲೆ ಮಗಳ ಕಡೆ ತಿರುಗಿ ಹುಬ್ಬು ಎತ್ತಿದ. ಏನಂತೆ?

ಮಗಳು ಕೈಯಲ್ಲಿ ಹೇಳಿದಳು. "ನಿನ್ನ ಟ್ಯಾಬ್ಲೆಟ್ ಹಳೇದು. ಅದರಿಂದ ನನ್ನ ಚಿತ್ರ ನಿಲ್ಲುತ್ತೆ. ನಾನು ಕೆಲಸದಲ್ಲಿರುವಾಗ ಆರಿಸಿಡು."

ಅಪ್ಪ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡಿದ, ಇನ್ನೇನೋ ಬರಲಿದೆ ಎನ್ನುವ ಹಾಗೆ.

"ಅಷ್ಟು ಮಾತಾಡಿದ್ದು ಇಷ್ಟೇನಾ?"

"ಇಷ್ಟೇ."

ಅವಳಿಗೆ ಸುಳ್ಳು ಹೇಳಬೇಕೆಂದಿರಲಿಲ್ಲ. ಗೋಡೆ ಕೊರೆಯುವುದು, ಕೇಬಲ್ ತರುವುದು, ಗಂಡನನ್ನು ಕೇಳುವುದು, ಎಲ್ಲ ಸಾವಕಾಶವಾಗಿ ಆಗುವ ಕೆಲಸ, ಆಮೇಲೆ ಹೇಳಿದರಾಯಿತು ಅಂದುಕೊಂಡಳು. ಅಪ್ಪ ತಲೆಯಾಡಿಸಿದ. ಟ್ಯಾಬ್ಲೆಟಿನ ಮುಂದೆ ಹೋಗಿ ಸ್ನೇಹಿತನಿಗೆ ಏನೋ ಹೇಳಿದ. ಅತ್ತ ಕಡೆಯ ಮುದುಕ ಕೈ ಎತ್ತಿದ. ಕೈ ನಡುಗುತ್ತಿತ್ತು. ಅಪ್ಪ ಕಾಯ್ದ. ಆ ಕೈ ಹೇಳಿ ಮುಗಿಸಿದ ಮೇಲೆ ಟ್ಯಾಬ್ಲೆಟನ್ನು ಆರಿಸಿದ.

ಆ ಮುದುಕನ ಹೆಸರು ಒಂಟಿಗಣ್ಣ. ಎರಡು ಕಣ್ಣೂ ಚೆನ್ನಾಗಿಯೇ ಇದ್ದವು. ಗಡಿಯಾರ ರಿಪೇರಿ ಅವನ ಕಸುಬು. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಇನ್ನೊಂದು ಕಣ್ಣು ಮುಚ್ಚಿಕೊಂಡೇ ಅರ್ಧ ಆಯುಸ್ಸು ಕಳೆದವನಾದ್ದರಿಂದ ಕಿವುಡರ ನಡುವೆ ಅವನ ಹೆಸರೇ ಹಾಗಾಯಿತು. ಒಂದು ಕಣ್ಣು ಮುಚ್ಚಿ ತೋರಿಸಿದರೆ ಅವನು. ಕೆಲಸದ ಪೆನ್ಸಿಲನ್ನು ಸದಾ ಕಿವಿಗೆ ಸಿಕ್ಕಿಸಿಕೊಂಡಿರುತ್ತಿದ್ದ ಅಪ್ಪನ ಹೆಸರು ಕಿವಿಪೆನ್ಸಿಲ್. ಅದನ್ನು ಇಟ್ಟವನೂ ಒಂಟಿಗಣ್ಣನೇ. "ನಮ್ಮಲ್ಲಿ ಕಿವಿಯನ್ನ ಒಂದು ಕೆಲಸಕ್ಕೆ ಅಂತ ಹಚ್ಚಿದೋನು ಇವನೊಬ್ಬನೇ" ಎಂದು ಮದುವೆ ಮನೆಯಲ್ಲಿ ಎಲ್ಲರ ಮುಂದೆ ಹೇಳಿ ನಗಿಸಿದ್ದನಂತೆ.

ಹೆಂಡತಿ ಸತ್ತ ಮೇಲೆ ಒಂಟಿಗಣ್ಣ ಇನ್ನೊಂದು ಊರಿನಲ್ಲಿದ್ದ ಮಗನ ಮನೆ ಸೇರಿದ್ದ. ಮಗ, ಸೊಸೆ ಇಬ್ಬರೂ ಒಳ್ಳೆಯವರೇ. ಆದರೆ ಮಗನಿಗೆ ಕೈಮಾತು ಬರುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಓದಿದ ಹುಡುಗ, ಕಲಿಯುವ ವಯಸ್ಸು ಅಲ್ಲೇ ಕಳೆದುಹೋಗಿತ್ತು. ಊಟ, ನೀರು, ಸ್ನಾನ, ಮಲಗು. ಇಷ್ಟರಲ್ಲೇ ಆ ಮನೆ ನಡೆಯುತ್ತಿತ್ತು. ಅದರ ಮೇಲೆ ನಡುಕದ ಕಾಯಿಲೆ ಬಂತು. ಒಂದು ಮಾತು ಹೇಳಲು ಕೈ ಹತ್ತು ಸಲ ಅಲುಗುತ್ತಿತ್ತು. ಆ ಹತ್ತರಲ್ಲಿ ಮಾತು ಯಾವುದು, ನಡುಕ ಯಾವುದು ಎಂದು ತಿಳಿಯುತ್ತಿದ್ದುದು ಅಪ್ಪನಿಗೆ ಮಾತ್ರ. ಕಾಯಿಲೆ ಹೆಚ್ಚಿದಷ್ಟೂ ಅಪ್ಪ ಕಾಯುವುದನ್ನು ಹೆಚ್ಚಿಸಿಕೊಂಡ. ಕೈಯಲ್ಲಿನ ಉಳಿಯನ್ನು ಕೆಳಗಿಟ್ಟು, ನಿಂತು, ನೋಡಿ, ಮತ್ತೆ ಕೆಲಸಕ್ಕೆ ತೊಡಗುತ್ತಿದ್ದ.

ಟ್ಯಾಬ್ಲೆಟ್ ಆರಿದ ಮೇಲೆ ಮಗಳ ಕೆಲಸ ಸಲೀಸಾಯಿತು. ಆಸ್ಪತ್ರೆ ಕರೆಗಳು ಮತ್ತೆ ಬಂದವು. ಮೇಲ್ವಿಚಾರಕಿ "ಈಗ ನೋಡಿ ಹೇಗಿದೆ" ಎಂದು ಖುಷಿಪಟ್ಟರು. ಅವಳ ಪಾಳಿ ಮುಗಿಯುವುದು ಸಂಜೆಗೆ. ಅಷ್ಟರಲ್ಲಿ ಅತ್ತ ಒಂಟಿಗಣ್ಣನಿಗೆ ಮಾತ್ರೆ ಕೊಟ್ಟು ಮಲಗಿಸಿಬಿಡುತ್ತಿದ್ದರು. ಅಪ್ಪ ಸಂಜೆ ಟ್ಯಾಬ್ಲೆಟ್ ಹಚ್ಚಿದರೆ ಕಾಣುತ್ತಿದ್ದುದು ಖಾಲಿ ಕುರ್ಚಿ, ಒಮ್ಮೊಮ್ಮೆ ಅದೂ ಇಲ್ಲ.

ಅವನು ಯಾರಿಗೂ ಏನೂ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಅಳಿಯನ ಸನ್ನೆಯ ತಪ್ಪುಗಳನ್ನು ಹಿಡಿದು ಆಡಿಕೊಳ್ಳುವುದು ಅವನ ಚಾಳಿ. ಅಳಿಯ ಒಮ್ಮೆ "ಕುರ್ಚಿ ಮುರಿದಿದೆ" ಎನ್ನಲು ಹೋಗಿ "ಕುರ್ಚಿ ಬಸುರಿ" ಎಂದಿದ್ದ. ಅದನ್ನು ಹಿಡಿದು ಅಪ್ಪ ಕುರ್ಚಿಗೆ ಹೆರಿಗೆ ಯಾವಾಗ ಎಂದು ಎಷ್ಟೋ ಕಾಲ ಕೇಳುತ್ತಿದ್ದ. ಈಗ ಆ ಆಟವೂ ನಿಂತಿತು.

"ಮಾವ ಯಾಕೋ ಸಪ್ಪಗಿದ್ದಾರಲ್ಲ?" ಎಂದ ಗಂಡ.

"ವಯಸ್ಸಾಯ್ತಲ್ಲ" ಎಂದಳು ಅವಳು. "ಅದಿರ್ಲಿ, ಆ ಕೇಬಲ್ ಎಳೆಸೋದು ಏನಾಯ್ತು?"

"ನೋಡೋಣ, ಈ ಭಾನುವಾರ."

ಆ ಭಾನುವಾರ ಬಂದು ಹೋಯಿತು. ಅದರ ಮುಂದಿನದೂ ಹೋಯಿತು. ಆರಿಸಿಡುವುದು ಸುಲಭವಿತ್ತು. ಸುಲಭವಾದದ್ದು ಮನೆಯಲ್ಲಿ ಹಾಗೆಯೇ ನೆಲೆಯೂರಿತು.

ತಂತ್ರಜ್ಞೆ ಮತ್ತೆ ಬಂದದ್ದು ಬೇರೆ ಏನೋ ಕೆಲಸಕ್ಕೆ. ಹೊಸ ಹೆಡ್‌ಫೋನ್ ಕೊಟ್ಟು ಹೋಗಲು ಬಂದವಳು ನಡುಮನೆಯ ಗೋಡೆ ನೋಡಿದಳು.

"ಅಯ್ಯೋ, ಇನ್ನೂ ತೂತು ಹೊಡೆದಿಲ್ವಾ? ಅವತ್ತೇ ಹೇಳಿದ್ನಲ್ಲ! ಪಾಪ, ನಿಮ್ಮಪ್ಪ ಇಷ್ಟು ದಿನವೂ ಟ್ಯಾಬ್ಲೆಟ್ ಆರಿಸ್ಕೊಂಡೇ ಇದ್ದಾರಾ?"

ಅಪ್ಪ ನೀರು ಕುಡಿಯಲು ಒಳಗೆ ಬಂದಿದ್ದ. ತಂತ್ರಜ್ಞೆಯ ಬೆರಳು ಗೋಡೆಯತ್ತ, ಆಮೇಲೆ ತನ್ನತ್ತ ತಿರುಗಿದ್ದನ್ನು ನೋಡಿದ. ಏನು ಎಂದು ಅವಳನ್ನೇ ಕೇಳಿದ. ತಂತ್ರಜ್ಞೆಗೆ ಸನ್ನೆ ಬರುತ್ತಿರಲಿಲ್ಲ, ಆದರೆ ಅವಳ ಮಾತಿನ ಹುರುಪು ಕೈಗೂ ಇಳಿಯಿತು. ಗೋಡೆ ತೋರಿಸಿದಳು. ಮುಷ್ಟಿ ಕಟ್ಟಿ ಬೆರಳು ತಿರುಗಿಸಿ ಕೊರೆದಳು. ರೂಟರಿನಿಂದ ಲ್ಯಾಪ್‌ಟಾಪಿಗೆ ಗಾಳಿಯಲ್ಲಿ ಒಂದು ದಾರ ಎಳೆದಳು. ಹಿತ್ತಲ ಕಡೆ ಕೈ ಮಾಡಿ, ಟ್ಯಾಬ್ಲೆಟಿನ ಆಕಾರ ಬರೆದು, ಹೆಬ್ಬೆರಳು ಎತ್ತಿ ನಕ್ಕಳು.

ಅಪ್ಪ ನಗಲಿಲ್ಲ. ಮಗಳ ಕಡೆ ತಿರುಗಿದ.

"ಇವಳು ಇದನ್ನ ಅವತ್ತೇ ಹೇಳಿದ್ಲಾ?"

"ಹೇಳಿದ್ರು."

"ನೀನು ಹೇಳಲಿಲ್ಲ."

"ಆಮೇಲೆ ಹೇಳೋಣ ಅಂತ ಇದ್ದೆ."

ಅಪ್ಪ ನೀರಿನ ಲೋಟ ಕೆಳಗಿಟ್ಟ. "ಹೊರಗಿನೋರಿಗೆ ನೀನು ಒಂದು ಮಾತೂ ಬಿಡದೆ ಹೇಳ್ತೀಯ. ಹಾಗೆ ಹೇಳಬೇಕು ಅನ್ನೋದೇ ನಿಮ್ಮ ನಿಯಮ ಅಂತ ನೀನೇ ಹೇಳಿದ್ದೆ."

ಅಪ್ಪ ಹಿತ್ತಲಿಗೆ ಹೋಗಿ ಡ್ರಿಲ್ಲಿಂಗ್ ಮೆಷಿನ್ ತಂದ. ತಂತ್ರಜ್ಞೆ ತನ್ನ ಚೀಲದಿಂದ ಒಂದು ಸುತ್ತು ಕೇಬಲ್ ತೆಗೆದಳು. ಅವಳಿಗಿಟ್ಟ ಕಾಫಿ ಆರುವಷ್ಟರಲ್ಲಿ ಕೆಲಸ ಮುಗಿದಿತ್ತು. ತೂತಿನ ಅಂಚಿಗೆ ಅಪ್ಪ ಒಂದು ಮರದ ಬಳೆಯನ್ನೂ ಕೂರಿಸಿದ್ದ. ನೆಲದ ಮೇಲೆ ಬಿದ್ದ ಗಾರೆಯ ಪುಡಿಯನ್ನು ತಾನೇ ಗುಡಿಸಿ, ಹಿತ್ತಲ ಕೋಣೆಗೆ ಹೋಗಿ, ಟ್ಯಾಬ್ಲೆಟ್ ಹಚ್ಚಿ ನಿಂತ.

ಅತ್ತ ಕಡೆ ಯಾರೂ ಎತ್ತಲಿಲ್ಲ. ಮಾರನೆಯ ದಿನವೂ ಇಲ್ಲ. ಮಗಳು ಒಂಟಿಗಣ್ಣನ ಮಗನಿಗೆ ಫೋನ್ ಮಾಡಿದಳು.

"ಅಪ್ಪ ಆಸ್ಪತ್ರೇಲಿದ್ದಾರೆ ಅಕ್ಕಾ" ಎಂದ ಅವನು. ದನಿ ಸೋತುಹೋಗಿತ್ತು. "ನುಂಗಿದ್ದೆಲ್ಲ ಶ್ವಾಸಕೋಶಕ್ಕೆ ಹೋಗಿ ಕಫ ಕಟ್ಟಿದೆಯಂತೆ. ಏನೋ ಹೇಳೋಕೆ ನೋಡ್ತಾರೆ, ನಮಗೆ ತಿಳಿಯಲ್ಲ. ಡಾಕ್ಟ್ರಿಗೆ ಅವರ ಒಪ್ಪಿಗೆ ಬೇಕಂತೆ, ಯಾರೋ ದುಭಾಷಿನ ಕರೆಸ್ತೀವಿ ಅಂದಿದ್ದಾರೆ."

ಅಪ್ಪ ಬಟ್ಟೆ ಚೀಲಕ್ಕೆ ತುಂಬಿಕೊಳ್ಳತೊಡಗಿದ. ರೈಲು ಮರುದಿನ ಮಧ್ಯಾಹ್ನಕ್ಕಿತ್ತು. ರೈಲಿಗೆ ಮೊದಲೇ, ಬೆಳಗ್ಗೆ, ಮೇಲ್ವಿಚಾರಕಿಯ ಕರೆ ಬಂತು.

"ಒಬ್ಬರು ವಯಸ್ಸಾದವರು. ಕೈ ತುಂಬ ನಡುಗುತ್ತೆ. ನಮ್ಮೋರು ಇಬ್ಬರು ಕೂತು ನೋಡಿದ್ರು, ಏನೂ ಹಿಡಿಯೋಕಾಗ್ಲಿಲ್ಲ. ಹಳೇ ಕಾಲದ ಸನ್ನೆ ಬೇರೆ. ಮನೇಲೇ ಕಲಿತೋರು ನೀವು, ನೀವೊಂದು ಸಲ ನೋಡಿ."

ಚಿತ್ರ ಬಂತು. ಹಾಸಿಗೆ, ಮೂಗಿಗೆ ಪೈಪು, ದಿಂಬಿನಲ್ಲಿ ಹುದುಗಿದ ಸಣ್ಣ ಮುಖ.

"ಮೇಡಂ, ಇವರು ನಮಗೆ ಬೇಕಾದೋರು. ಪರಿಚಯದವರಿಗೆ ನಾವು ದುಭಾಷಿಯಾಗಿ ಕೂರೋ ಹಾಗಿಲ್ಲ."

"ನಿಯಮ ನನಗೂ ಗೊತ್ತು. ಬೇರೆ ಯಾರಿದ್ದಾರೆ ಹೇಳಿ?"

ಅವಳು ನೋಡಿದಳು. ಮಗುವಾಗಿದ್ದಾಗಿಂದ ಕಂಡ ಮಾಮ. ಆದರೆ ಆ ಕೈಯಲ್ಲಿ ಈಗ ಅವಳಿಗೆ ಕಾಣುತ್ತಿದ್ದುದು ನಡುಕ ಒಂದೇ. ನನಗೂ ಓದೋಕಾಗಲ್ಲ ಎಂದಳು. ಆಮೇಲೆ, "ಓದೋರು ಒಬ್ಬರಿದ್ದಾರೆ, ಸ್ವಲ್ಪ ಇರಿ" ಎಂದು ಎದ್ದು ಹಿತ್ತಲಿಗೆ ಓಡಿದಳು.

ಅಪ್ಪ ಬಂದು ಅವಳ ಪಕ್ಕದಲ್ಲಿ ಕೂತ. ಏರ್ಪಾಡು ಹೀಗಾಯಿತು: ಡಾಕ್ಟರು ಆಡಿದ್ದನ್ನು ಅವಳು ಅಪ್ಪನಿಗೆ ಹೇಳಬೇಕು, ಅಪ್ಪ ಅದನ್ನು ಒಂಟಿಗಣ್ಣನಿಗೆ ಹೇಳಬೇಕು. ಅವನ ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಗೋಡೆಯ ತೂತಿನಿಂದ ಬಂದ ಕೇಬಲ್ಲು ಅವಳ ಲ್ಯಾಪ್‌ಟಾಪಿಗೆ ಚುಚ್ಚಿಕೊಂಡಿತ್ತು. ಚಿತ್ರ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿತ್ತು.

ಅಪ್ಪ ಒಂಟಿಗಣ್ಣನನ್ನು ನೋಡಿದವನೇ ಮೊದಲು ಹೇಳಿದ್ದು ಮಗಳಿಗೆ. "ಕೈ ಕಟ್ಟಿದ್ದಾರೆ."

ಹೌದು. ಎರಡೂ ಮುಂಗೈಗೆ ಮೆತ್ತನೆಯ ಪಟ್ಟಿ ಸುತ್ತಿ ಮಂಚದ ಸರಳಿಗೆ ಕಟ್ಟಿದ್ದರು. ಪೈಪು ಕಿತ್ತುಕೊಳ್ಳುತ್ತಾರೆ, ಅದಕ್ಕೇ ಎಂದರು ಡಾಕ್ಟರು.

"ಬಾಯಿಗೆ ಬಟ್ಟೆ ತುರುಕಿ ಒಪ್ಪಿಗೆ ಕೇಳ್ತೀರಾ ಅಂತ ಕೇಳು" ಎಂದ ಅಪ್ಪ.

ಅವಳು ಅದನ್ನು ಹಾಗೆಯೇ, ಒಂದಕ್ಷರ ಮೆತ್ತಗೆ ಮಾಡದೆ, ಬಾಯಲ್ಲಿ ಹೇಳಿದಳು. ಡಾಕ್ಟರು ತಾವೇ ಬಗ್ಗಿ ಪಟ್ಟಿ ಬಿಚ್ಚಿದರು.

ಒಂಟಿಗಣ್ಣ ಕೈ ಎತ್ತಿದ. ಬಹಳ ಹೊತ್ತು ಹಿಡಿಯಿತು. ಡಾಕ್ಟರು ಗಡಿಯಾರ ನೋಡಿಕೊಂಡರು, ಆಮೇಲೆ ಕೈ ಹಿಂದಕ್ಕೆ ಕಟ್ಟಿಕೊಂಡು ಸುಮ್ಮನೆ ನಿಂತರು. ಅಪ್ಪ ರೆಪ್ಪೆ ಬಡಿಯಲಿಲ್ಲ.

"ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ನನ್ನ ಕೇಳ್ತಿದ್ದಾನೆ" ಎಂದ ಅಪ್ಪ. "ಡಾಕ್ಟ್ರಿಗಲ್ಲ, ನನಗೆ. ಅದನ್ನೂ ಹೇಳು."

ಅದನ್ನೂ ಹೇಳಿದಳು.

ಡಾಕ್ಟರು ಕೇಳಬೇಕಾದ್ದನ್ನು ಕೇಳಿದರು. ನುಂಗುವ ಶಕ್ತಿ ಹೋಗಿದೆ. ಮೂಗಿನ ಪೈಪು ಹೆಚ್ಚು ಕಾಲ ಇಡುವಂತಿಲ್ಲ. ಹೊಟ್ಟೆಗೆ ಒಂದು ಸಣ್ಣ ತೂತು ಮಾಡಿ ಅಲ್ಲಿಂದಲೇ ಆಹಾರ ಕೊಡಬಹುದು. ಹಾಗೆ ಮಾಡಿದರೆ ಇನ್ನಷ್ಟು ಕಾಲ ಬದುಕಬಹುದು. ಒಪ್ಪಿಗೆಯೇ?

ನಡುಕ ನಿಲ್ಲುತ್ತದೆಯೇ ಎಂದು ಕೇಳಿದ ಒಂಟಿಗಣ್ಣ. ಇಲ್ಲ ಎಂದರು ಡಾಕ್ಟರು. ಆಮೇಲೆ ಆ ಕೈಗಳು ಬಹಳ ಹೊತ್ತು ಮಾತಾಡಿದವು. ನಡುನಡುವೆ ಹೊದಿಕೆಯ ಮೇಲೆ ಬಿದ್ದು, ಮತ್ತೆ ಎದ್ದು ಮಾತಾಡಿದವು. ಮಗಳಿಗೆ "ಮನೆ" ಎಂಬುದೊಂದು ಹೊಳೆಯಿತು, ಇನ್ನೇನೂ ಇಲ್ಲ. ಅವಳು ಅಪ್ಪನ ಕಡೆ ನೋಡಿದಳು.

ಅಪ್ಪನ ಎರಡೂ ಕೈ ಅವನ ಮೊಣಕಾಲಿನ ಮೇಲಿದ್ದವು. ಅಲ್ಲಿಂದ ಮೇಲೇಳಲಿಲ್ಲ.

"ಏನಂದ್ರು?" ಎಂದರು ಡಾಕ್ಟರು.

"ಸ್ವಲ್ಪ ಇರಿ" ಎಂದಳು ಅವಳು.

ಒಂಟಿಗಣ್ಣ ಏನು ಹೇಳಿದನೆಂದು ಈ ಭೂಮಿಯ ಮೇಲೆ ತಿಳಿದವನು ಅಪ್ಪ ಒಬ್ಬನೇ. ಒಪ್ಪಿದ್ದಾನೆ ಎಂದು ಅಪ್ಪ ಹೇಳಿಬಿಟ್ಟರೆ ಅಲ್ಲವೆನ್ನುವವರು ಯಾರೂ ಇರಲಿಲ್ಲ. ಮಗಳಿಗೆ ಅದು ಹೊಳೆದದ್ದು ಅಪ್ಪನ ಮುಖ ನೋಡಿದ ಮೇಲೆ. ಅವಳು ಅವನನ್ನು ಅವಸರಪಡಿಸಲಿಲ್ಲ, ತೋಳು ಮುಟ್ಟಲಿಲ್ಲ. ಕಾಯ್ದಳು.

ಅಪ್ಪ ಕೈ ಎತ್ತಿದ. ಒಂಟಿಗಣ್ಣನ ಕಡೆಗೇ. "ನಿಜವಾಗ್ಲೂ?"

ಒಂಟಿಗಣ್ಣ ಮತ್ತೆ ಮೊದಲಿನಿಂದ ಹೇಳಿದ, ಅಷ್ಟನ್ನೂ. ಆಗ ಅಪ್ಪ ಮಗಳ ಕಡೆ ತಿರುಗಿ ಹೇಳತೊಡಗಿದ. ಅವಳ ಕಸುಬಿನ ನಿಯಮದಂತೆ ಅವಳು "ಅವರು ಹೀಗೆ ಹೇಳ್ತಿದ್ದಾರೆ" ಎನ್ನುವಂತಿಲ್ಲ. ಅವರ "ನಾನು" ಅವಳ ಬಾಯಲ್ಲಿಯೂ "ನಾನು" ಆಗಬೇಕು.

"ಹೊಟ್ಟೆಗೆ ತೂತು ನನಗೆ ಬೇಡ" ಎಂದಳು ಅವಳು. "ಈ ಪೈಪೂ ಬೇಡ. ಇದನ್ನ ತೆಗೆದ್ರೆ ನಾನು ಹೆಚ್ಚು ದಿನ ಇರಲ್ಲ, ಗೊತ್ತು. ಮನೆಗೆ ಕರ್ಕೊಂಡು ಹೋಗಿ. ಬಾಯಲ್ಲಿ ಏನಾದ್ರೂ ಸಿಹಿ ಇಟ್ಕೋಬೇಕು. ಅದು ಎಲ್ಲಿ ಇಳಿದ್ರೂ ಇಳೀಲಿ."

"ಅಪ್ಪ ಹಾಗನ್ನಲ್ಲ!" ಮಂಚದ ಆಚೆ ನಿಂತಿದ್ದ ಮಗ ಮುಂದೆ ಬಂದ. "ಸರಿಯಾಗಿ ನೋಡಿ ಅಕ್ಕಾ, ಬೇರೆ ಏನೋ ಹೇಳಿರ್ತಾರೆ."

ಡಾಕ್ಟರು ಅವನನ್ನು ಕೈಯಿಂದ ತಡೆದು, ಒಂಟಿಗಣ್ಣನನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಇದು ಯಾವ ಜಾಗ? ಪೈಪು ಯಾತಕ್ಕೆ? ತೆಗೆದರೆ ಏನಾಗುತ್ತದೆ? ಪ್ರತಿಯೊಂದಕ್ಕೂ ಆ ಕೈಗಳು ಎದ್ದವು. ಪ್ರತಿಯೊಂದಕ್ಕೂ ಕೋಣೆಯಲ್ಲಿದ್ದವರೆಲ್ಲ ಕಾಯ್ದರು. ಉತ್ತರಗಳಲ್ಲಿ ಒಂದೂ ತಪ್ಪಿರಲಿಲ್ಲ.

ಕೊನೆಗೆ ಒಂಟಿಗಣ್ಣ ಮಗನ ಕಡೆ ಮುಖ ಮಾಡಿದ. ಅಪ್ಪ ನೋಡಿದ, ಮಗಳಿಗೆ ಹೇಳಿದ, ಅವಳು ಹೇಳಿದಳು.

"ನೀನು ತಪ್ಪು ಮಾಡಿದೆ ಅಂತ ಅಲ್ಲ. ಸೊಸೆ ಚೆನ್ನಾಗಿ ನೋಡ್ಕೊಂಡ್ಲು. ಹೊಟ್ಟೆಗೆ, ಬಟ್ಟೆಗೆ ಏನೂ ಕಮ್ಮಿ ಇರ್ಲಿಲ್ಲ. ಆದ್ರೆ ಆ ಮನೇಲಿ ನನಗೆ ಮಾತಿರಲಿಲ್ಲ. ಮಾತಾಡೋಕೆ ಒಬ್ಬನಿದ್ದ." ಅಲ್ಲಿ ಅವಳು ಅಪ್ಪನ ಮುಖ ನೋಡಿದಳು. ಅಪ್ಪನ ಕೈ ಮುಂದುವರಿದೇ ಇತ್ತು, ಅವಳೂ ಮುಂದುವರಿಸಿದಳು. "ಆಮೇಲೆ ಅವನು ಬರೋದೂ ನಿಂತಿತು. ಖಾಲಿ ಗಾಜಿನ ಮುಂದೆ ಕೂತ್ಕೊಂಡೆ. ಸಾಕು ಅನ್ನಿಸಿತು."

ಮಗ ಹಾಸಿಗೆಯ ಅಂಚಿಗೆ ಹಣೆ ಇಟ್ಟ. ಅವನ ಬೆನ್ನ ಮೇಲೆ ಒಂದು ಕೈ ನಡುಗುತ್ತ ಇಳಿಯಿತು. ಅದು ಮಾತಲ್ಲ, ಅದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ.

ಕರೆ ಮುಗಿಯಿತು. ಕೋಣೆಯಲ್ಲಿ ಅಪ್ಪ, ಮಗಳು ಇಬ್ಬರೇ ಉಳಿದರು.

"ಏನೂ ಬಿಡಲಿಲ್ಲ ತಾನೇ?" ಎಂದು ಕೇಳಿದ ಅಪ್ಪ.

"ಇಲ್ಲ."

"ಬಿಟ್ಟುಬಿಡೋಣ ಅನ್ನಿಸಿತ್ತು."

"ಗೊತ್ತಾಯ್ತು." ಅವಳು ಅಪ್ಪನ ಕಡೆ ತಿರುಗಿ ಕೂತಳು. "ಅಪ್ಪಾ, ಆ ಕೊನೇ ಮಾತು... ಅದು ನನ್ನಿಂದ ಆಗಿದ್ದು. ನಾನು ಅವತ್ತು ಪೂರ್ತಿ ಹೇಳಿದ್ರೆ ನೀನು ಅವತ್ತೇ ಗೋಡೆ ಕೊರೀತಿದ್ದೆ."

ಅಪ್ಪ ಇಲ್ಲವೆನ್ನಲಿಲ್ಲ. ಸಮಾಧಾನಕ್ಕೆಂದು ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ. "ನಾನೂ ಕೇಳಬಹುದಿತ್ತು" ಎಂದ. "ಅವಳು ಅಷ್ಟುದ್ದ ಮಾತಾಡಿದ್ಲು, ನನಗೆ ಮೊಳದಷ್ಟು ಬಂತು. ನಾನು ಸುಮ್ಮನಾದೆ. ಅಭ್ಯಾಸ ಆಗಿಬಿಟ್ಟಿದೆ. ಹುಟ್ಟಿದಾಗಿಂದ ಎಲ್ಲರೂ ನನಗೆ ಹೇಳೋದು ಕೊನೇ ಮಾತೊಂದನ್ನೇ. ಎಲ್ಲರೂ ನಗ್ತಾರೆ, ಯಾಕೆ ಅಂತ ಕೇಳಿದ್ರೆ ಆಮೇಲೆ ಹೇಳ್ತೀನಿ ಅಂತಾರೆ. ನೀನು ಹಾಗಲ್ಲ ಅಂದ್ಕೊಂಡಿದ್ದೆ."

ಅವಳು ಅತ್ತಳು. ಅಪ್ಪ ಅವಳ ತಲೆ ಸವರಿ, ರೈಲಿಗೆ ಹೊತ್ತಾಯಿತು ಎಂದು ಎದ್ದ.

ಒಂಟಿಗಣ್ಣನನ್ನು ಮನೆಗೆ ಕರೆದೊಯ್ದರು. ಅಪ್ಪ ಅಲ್ಲೇ, ಅವನ ಮಂಚದ ಪಕ್ಕದಲ್ಲೇ ಇದ್ದ. ಇತ್ತ ಮಗಳ ಗಂಡ ತಾನೇ ಅಂಗಡಿಗೆ ಹೋಗಿ ಹೊಸ ರೂಟರ್ ತಂದು, ಯಾರೂ ಕೇಳದಿದ್ದರೂ ಹಿತ್ತಲ ಕೋಣೆಯವರೆಗೆ ಕೇಬಲ್ ಎಳೆಸಿದ. ಅದನ್ನು ಬಳಸುವವರು ಯಾರೆಂದು ಅವಳು ಕೇಳಲಿಲ್ಲ. ಅಪ್ಪನಿಂದ ದಿನಕ್ಕೊಂದು ಸಂದೇಶ ಬರುತ್ತಿತ್ತು. ಸಕ್ಕರೆ ನೀರು ಕುಡಿದ. ನನ್ನನ್ನು ಬೈದ. ಮಲಗಿದ್ದಾನೆ. ಒಂದು ಮುಂಜಾನೆ ಬಂದ ಸಂದೇಶದಲ್ಲಿ ಒಂದೇ ಪದವಿತ್ತು.

ಅಪ್ಪ ಹಿಂದಿರುಗಿದ ದಿನ ಮೂವರೂ ಊಟಕ್ಕೆ ಕೂತರು. ಅವನು ಹೇಳತೊಡಗಿದ. ಯಾರೂ ಕೈಯಲ್ಲಿ ಅನ್ನವನ್ನಾಗಲಿ ಲೋಟವನ್ನಾಗಲಿ ಹಿಡಿಯಲಿಲ್ಲ. ಹಿಡಿದರೆ ಕೇಳಲು ಅಡ್ಡಿಯಾಗುತ್ತದೆ ಎನ್ನುವ ಹಾಗೆ ಸುಮ್ಮನೆ ನೋಡುತ್ತ ಕೂತರು. ಗಂಡನಿಗೆ ಅರ್ಥವಾಗದ ಕಡೆ ಮಗಳು ತಡೆದು, ಪೂರ್ತಿ ಬಿಡಿಸಿ ಹೇಳಿದಳು.

ಒಂಟಿಗಣ್ಣನ ಮಗ ಕಲಿಸಿಕೊಡಿ ಎಂದು ಕೇಳಿದನಂತೆ. ಅಷ್ಟು ದಿನಗಳಲ್ಲಿ ಎಷ್ಟು ಕಲಿತಾನು? ನೋವು, ಸಾಕು, ತಿರುಗಿಸು, ಕಿಟಕಿ. ರಾತ್ರಿ ಕೂತು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದನಂತೆ. ಬೆಳಗ್ಗೆ ತಂದೆಯ ಮುಂದೆ ನಿಂತು ಒಪ್ಪಿಸುತ್ತಿದ್ದನಂತೆ, ಶಾಲೆಯ ಹುಡುಗನ ಹಾಗೆ.

"ಕೊನೇ ದಿನ ಬಂದು, ಕ್ಷಮಿಸು ಅನ್ನೋದಕ್ಕೆ ಹೇಗೆ ಅಂತ ಕೇಳಿದ" ಎಂದ ಅಪ್ಪ. "ತೋರಿಸಿದೆ. ಹೋಗಿ ಅಪ್ಪನ ಮುಂದೆ ಮಂಡಿಯೂರಿ ಹೇಳಿದ."

"ಮಾಮ ನೋಡಿದ್ರಾ?" ಎಂದು ಕೇಳಿದಳು ಮಗಳು. "ಅಷ್ಟೊತ್ತಿಗೆ ಪ್ರಜ್ಞೆ ಇತ್ತಾ?"

"ಇತ್ತು. ನೋಡಿದ." ಅಪ್ಪನ ಮುಖದಲ್ಲಿ ಮೊದಲ ಸಲ ನಗುವಿನಂಥದ್ದೇನೋ ಸುಳಿಯಿತು, ಕಣ್ಣು ಮಾತ್ರ ತುಂಬಿತ್ತು. "ಬಹಳ ಹೊತ್ತು ತಗೊಂಡು ಕೈ ಎತ್ತಿದ. ಮಗ ನನ್ನ ಕಡೆ ತಿರುಗಿ, ಏನಂದ್ರು, ಏನಂದ್ರು ಅಂತ ಕೇಳಿದ."

"ಏನಂದ್ರು?"

"ಬೆರಳು ತಪ್ಪು ಅಂದ. ಅವನ ಕೈ ಹಿಡಿದು ತಿದ್ದಿದ."